ಹೊಗೆಯ ಸಾಕ್ಷ್ಯ

ತರ್ಕಶಾಸ್ತ್ರವನ್ನು ಕಲಿಯತೊಡಗಿದ ವಿದ್ಯಾರ್ಥಿಗೆ ಗುರುಗಳು ಮೊದಲು ಹೇಳಿಕೊಡುವ ದೃಷ್ಟಾಂತ ಹೊಗೆಯದು. ದೂರದ ಬೆಟ್ಟದ ಮೇಲೆ ಹೊಗೆ ಕಾಣುತ್ತದೆ, ಬೆಂಕಿ ಕಾಣುವುದಿಲ್ಲ. ಆದರೂ ಅಡುಗೆಮನೆಯಲ್ಲಿ ಹೊಗೆಯನ್ನೂ ಬೆಂಕಿಯನ್ನೂ ಒಟ್ಟಿಗೆ ಕಂಡ ಅನುಭವದ ಬಲದಿಂದ ಬೆಟ್ಟದ ಮೇಲೆ ಬೆಂಕಿಯುಂಟೆಂದು ನಿಶ್ಚಯಿಸುತ್ತೇವೆ. ನಮ್ಮ ಹಿರಿಯರು ಈ ದೃಷ್ಟಾಂತವನ್ನು ಆರಿಸಿಕೊಂಡ ಕಾಲದಲ್ಲಿ ಬೆಂಕಿ ಉಂಟೋ ಇಲ್ಲವೋ ಎಂಬಷ್ಟೇ ಪ್ರಶ್ನೆಯಾಗಿತ್ತು. ಮೋಟಾರು ಕಾರಿನ ಕಾಲದಲ್ಲಿ ಪ್ರಶ್ನೆ ಒಂದು ಹೆಜ್ಜೆ ಮುಂದೆ ಹೋಗಿದೆ. ಬೆಂಕಿಯಿರುವುದು ಎಲ್ಲರಿಗೂ ಗೊತ್ತು; ಅದು ಸರಿಯಾಗಿ ಉರಿಯುತ್ತಿದೆಯೇ, ಇಲ್ಲದಿದ್ದರೆ ದೋಷವೆಲ್ಲಿ ಎಂಬುದನ್ನು ಹೊಗೆಯಿಂದಲೇ ಅರಿಯಬೇಕು. ಅದಕ್ಕೂ ಮಿಗಿಲಾದ ತೊಡಕೊಂದಿದೆ: ಆ ಹೊಗೆಯಲ್ಲಿ ಅತ್ಯಂತ ಕೇಡಿನ ಭಾಗ ಕಣ್ಣಿಗೆ ಕಾಣುವುದೇ ಇಲ್ಲ.

ಪೆಟ್ರೋಲು ಪೂರ್ಣವಾಗಿ ಉರಿದರೆ ಉಳಿಯತಕ್ಕದ್ದು ಮುಖ್ಯವಾಗಿ ನೀರಿನ ಆವಿ ಮತ್ತು ಇಂಗಾಲದ ಡೈಆಕ್ಸೈಡು. ಇದಕ್ಕೆ ಒಂದು ಕಿಲೋಗ್ರಾಂ ಪೆಟ್ರೋಲಿಗೆ ಸುಮಾರು ೧೪.೭ ಕಿಲೋಗ್ರಾಂ ಗಾಳಿ ಬೇಕು. ಗಾಳಿ ಇದಕ್ಕಿಂತ ಕಡಿಮೆಯಾದರೆ ಇಂಗಾಲಕ್ಕೆ ಸಾಕಷ್ಟು ಆಮ್ಲಜನಕ ಸಿಕ್ಕದೆ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡು ಎಂಬ ಅನಿಲವಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದಲ್ಲಿನ ಹಿಮೋಗ್ಲೋಬಿನ್ನು ಆಮ್ಲಜನಕಕ್ಕಿಂತ ಇದನ್ನು ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ, ಉಸಿರಾಡುತ್ತಲೇ ಇದ್ದರೂ ದೇಹ ಉಸಿರಿಲ್ಲದಂತೆ ಬಳಲುತ್ತದೆ. ಬ್ರಿಟನ್ನಿನ ಗಣಿಗಳಲ್ಲಿ ಈ ವಿಷದ ಸುಳಿವು ಹಿಡಿಯಲು ಪಂಜರದ ಹಕ್ಕಿಗಳನ್ನು ಕೆಳಗಿಳಿಸುವ ಪದ್ಧತಿಯಿತ್ತು. ಹಾಲ್ಡೇನ್ ಎಂಬ ಶರೀರವಿಜ್ಞಾನಿ ೧೮೯೦ರ ದಶಕದಲ್ಲಿ ಕೊಟ್ಟ ಸಲಹೆಯಿಂದ ಹುಟ್ಟಿದ ಆ ಪದ್ಧತಿ ೧೯೮೬ರವರೆಗೂ ನಡೆಯಿತು. ಹಕ್ಕಿ ತೂಕಡಿಸಿ ಬಿದ್ದರೆ ಮನುಷ್ಯರು ಮೇಲಕ್ಕೆ ಓಡಬೇಕು.

ಎರಡನೆಯದು ಉರಿಯದೆಯೇ ಹೊರಬರುವ ಪೆಟ್ರೋಲಿನ ಆವಿ. ಹೈಡ್ರೋಕಾರ್ಬನ್ನು ಎಂದು ಅದರ ಹೆಸರು. ಇದು ಬಿಸಿಲಿನಲ್ಲಿ ಇತರ ಅನಿಲಗಳೊಡನೆ ಕೂಡಿ ಓಜೋನಾಗಿ ಪರಿಣಮಿಸಿ ಕಣ್ಣನ್ನೂ ಶ್ವಾಸಕೋಶವನ್ನೂ ಉರಿಸುವುದೆಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಾಗೆನ್-ಸ್ಮಿಟ್ ಎಂಬ ರಸಾಯನಶಾಸ್ತ್ರಜ್ಞರು ೧೯೫೦ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ನಮ್ಮಲ್ಲಿ ಜನರು ಎಮಿಷನ್ ಟೆಸ್ಟ್ ಎಂದು ಕರೆಯುವ ಪರೀಕ್ಷೆ ಪೆಟ್ರೋಲು ಗಾಡಿಗಳಲ್ಲಿ ಈ ಎರಡನ್ನೇ ಅಳೆಯುತ್ತದೆ. ಸೈಲೆನ್ಸರಿನ ಬಾಯಿಗೆ ಒಂದು ಕೊಳವೆಯನ್ನು ತೂರಿಸುತ್ತಾರೆ; ಪೆಟ್ಟಿಗೆಯೊಳಗೆ ಅತಿಕೆಂಪು ಕಿರಣ ಆ ಹೊಗೆಯನ್ನು ಹಾದುಹೋಗುತ್ತದೆ. ಒಂದೊಂದು ಅನಿಲ ತನಗೆ ಒಗ್ಗುವ ಕಿರಣವನ್ನು ನುಂಗುವುದರಿಂದ, ನುಂಗಿದುದೆಷ್ಟೆಂದು ನೋಡಿ ಅನಿಲವೆಷ್ಟೆಂದು ಯಂತ್ರ ಹೇಳುತ್ತದೆ. ಗಣಿಯ ಹಕ್ಕಿಗೆ ಬದಲು ಈ ಪೆಟ್ಟಿಗೆ.

ನಮ್ಮ ಮನೆಯ ಕಾರು ಈ ಪೆಟ್ಟಿಗೆಯ ಮುಂದೆ ನಿಂತು ಸೋತದ್ದು ೨೦೨೪ರ ಮಾರ್ಚಿ ತಿಂಗಳಿನಲ್ಲಿ. ಅದು ೧೯೮೪ರ ಅಂಬಾಸಡರು. ಬಂಗಾಳದ ಉತ್ತರಪಾರಾದಲ್ಲಿ ತಯಾರಾಗಿ, ೨೦೧೪ರಲ್ಲಿ ತಯಾರಿಕೆ ನಿಲ್ಲುವವರೆಗೂ ಮೈಕಟ್ಟನ್ನು ಹೆಚ್ಚಾಗಿ ಬದಲಿಸದೆ ಬಂದ ಆ ಬಂಡಿಯ ಪರಿಚಯವನ್ನು ವಾಚಕರಿಗೆ ಮಾಡಿಕೊಡಬೇಕಾದದ್ದಿಲ್ಲ. ನಮ್ಮದರ ಇಂಜಿನು ೧೪೮೯ ಘನ ಸೆಂಟಿಮೀಟರಿನದು. ಆಂಗ್ಲರ ಮೋರಿಸ್ ಆಕ್ಸ್‌ಫರ್ಡ್ ಕಾರಿನ ವಂಶದ್ದು. ತಂದೆಯವರು ಕೊಂಡದ್ದು. ಅವರು ತೀರಿಕೊಂಡ ಮೇಲೆ ಅಣ್ಣನವರ ಸಂಗಡ ಹದಿನೆಂಟು ವರ್ಷ ಮಂಗಳೂರಿನಲ್ಲಿತ್ತು. ಅಣ್ಣನವರು ನಿವೃತ್ತರಾಗಿ ಬೆಂಗಳೂರಿಗೆ ಮಗನ ಮನೆಗೆ ಹೊರಟಾಗ, ಆ ವರ್ಷದ ಜನವರಿಯಲ್ಲಿ ಶಿರಾಡಿ ಘಾಟಿಯನ್ನು ಹತ್ತಿ ಹಾಸನಕ್ಕೆ ನಮ್ಮ ಬಾಗಿಲಿಗೆ ಬಂದು ನಿಂತಿತು. ಕಾರಿಗೆ ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಬೇಕಷ್ಟೆ. ೨೦೨೪ ಅಂಥ ವರ್ಷ. ಹೊಗೆಯ ಪರೀಕ್ಷೆಯ ಚೀಟಿಯಿಲ್ಲದೆ ನವೀಕರಣವಿಲ್ಲ; ನವೀಕರಣವಿಲ್ಲದಿದ್ದರೆ ಕಾರು ರಸ್ತೆಗೆ ಬರುವಂತಿಲ್ಲ.

ಅಣ್ಣನವರು ದೂರವಾಣಿಯಲ್ಲಿ, “ಗುಜರಿಗೆ ಹಾಕಿಬಿಡೋ. ನಲವತ್ತು ವರ್ಷ ದುಡಿದಿದೆ, ಸಾಕು. ಅಪ್ಪನ ನೆನಪು ತಗಡಿನಲ್ಲಿಲ್ಲ,” ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಆದರೆ ನಮ್ಮ ತಾಯಿಯವರಿಗೆ ಆಗ ಎಂಬತ್ತೆರಡು ವರ್ಷ; ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಯಾಗಿದೆ. ಈಗಿನ ಸಣ್ಣ ಕಾರುಗಳಲ್ಲಿ ತಲೆ ಬಗ್ಗಿಸಿ, ಮೈ ಮುದುಡಿ, ಕೆಳಕ್ಕೆ ಜಾರಿ ಕೂರಬೇಕು; ಏಳುವಾಗ ಇಬ್ಬರು ಎತ್ತಬೇಕು. ಅಂಬಾಸಡರಿನ ಹಿಂದಿನ ಸೀಟು ಮನೆಯ ದಿವಾನಿನ ಎತ್ತರಕ್ಕಿದೆ. ಬಾಗಿಲು ತೆರೆದು, ಬೆನ್ನು ತಿರುಗಿಸಿ ಕುಳಿತು, ಕಾಲನ್ನು ಒಳಕ್ಕೆಳೆದುಕೊಂಡರೆ ಆಯಿತು. ತಿಂಗಳಿಗೊಮ್ಮೆ ಆಸ್ಪತ್ರೆಗೆ, ಎರಡು ಮೂರು ತಿಂಗಳಿಗೊಮ್ಮೆ ಅರಕಲಗೂಡಿನ ಕಡೆಯ ತವರಿಗೆ ಹೋಗಿಬರಲು ಅವರಿಗೆ ಯಾರ ಕೈಯ ಆಸರೆಯೂ ಬೇಡವಾಗಿದ್ದುದು ಈ ಒಂದು ಗಾಡಿಯಲ್ಲಿ ಮಾತ್ರ. ಮುಪ್ಪಿನಲ್ಲಿ ಸ್ವಾತಂತ್ರ್ಯವೆಂಬುದು ಎಷ್ಟು ಸಣ್ಣ ಸಣ್ಣ ಎತ್ತರ ತಗ್ಗುಗಳ ಮೇಲೆ ನಿಂತಿರುತ್ತದೆಂಬುದನ್ನು ಮನೆಯಲ್ಲಿ ಹಿರಿಯರಿರುವವರು ಬಲ್ಲರು.

ಇನ್ನೊಂದು ಪಕ್ಷವೂ ಇತ್ತು. ನಮ್ಮ ಗೇಟಿಗೆ ಎದುರಾಗಿ ನೆರೆಮನೆಯ ಕೋಣೆಯ ಕಿಟಕಿಯಿದೆ. ಆ ಕೋಣೆಯಲ್ಲಿ ಏಳು ವರ್ಷದ ಹುಡುಗನೊಬ್ಬ ಮಲಗುತ್ತಾನೆ; ಉಬ್ಬಸದವನು. ಬೆಳಗ್ಗೆ ನಮ್ಮ ಕಾರಿನ ಸ್ಟಾರ್ಟರು ಗೊರಗುಟ್ಟಿದೊಡನೆಯೇ ಅವನ ತಾಯಿ ಕಿಟಕಿಯ ಕದ ಮುಚ್ಚುವ ಸದ್ದು ಕೇಳಿಸುತ್ತಿತ್ತು. ಆಕೆ ಒಂದು ದಿನವೂ ದೂರು ಹೇಳಿದವರಲ್ಲ. ಆ ಸದ್ದಿನಲ್ಲೇ ದೂರೆಲ್ಲವೂ ಇತ್ತು.

ಪರೀಕ್ಷೆಯಲ್ಲಿ ಬಂದ ಅಂಕಗಳು ಇವು: ಕಾರ್ಬನ್ ಮಾನಾಕ್ಸೈಡು ನೂರಕ್ಕೆ ೫.೪, ಹೈಡ್ರೋಕಾರ್ಬನ್ನು ಹತ್ತು ಲಕ್ಷಕ್ಕೆ ೨೧೫೦. ನಮ್ಮ ಕಾರಿನಷ್ಟು ಹಳೆಯ ನಾಲ್ಕು ಚಕ್ರದ ಪೆಟ್ರೋಲು ಗಾಡಿಗಳಿಗೆ ನಿಯಮದ ಮಿತಿ ೩.೦ ಮತ್ತು ೧೫೦೦. ಪರೀಕ್ಷೆ ಮಾಡಿದ ಯುವಕ ಕಾಗದವನ್ನು ನೋಡಿ, ನನ್ನ ಮುಖವನ್ನು ನೋಡಿ, ಮೆಲ್ಲನೆ, “ಬೇಜಾರು ಮಾಡ್ಕೋಬೇಡಿ ಸಾರ್. ಪಕ್ಕದಲ್ಲಿ ಹೊಸ ಗಾಡಿ ನಿಂತಿದೆಯಲ್ಲ, ಅದಕ್ಕೆ ಪೈಪು ಹಾಕಿ ನಿಮ್ಮ ನಂಬರಿಗೆ ಪ್ರಿಂಟ್ ತೆಗೀತೀನಿ. ಇನ್ನೂರು ಜಾಸ್ತಿ ಆಗುತ್ತೆ, ಅಷ್ಟೆ,” ಎಂದ. ಅವನ ಧ್ವನಿಯಲ್ಲಿ ಕಪಟವಿರಲಿಲ್ಲ. ಉಪಕಾರ ಮಾಡುವವನ ಸರಳತೆಯಿತ್ತು. ನನಗೆ ಹೆಚ್ಚು ಕಳವಳವಾದುದು ಅದರಿಂದಲೇ. ಆಲೋಚಿಸಿ ಹೇಳುತ್ತೇನೆಂದು ಮನೆಗೆ ಬಂದೆ.

ರಾತ್ರಿ ಊಟಕ್ಕೆ ಕುಳಿತಾಗ ಇದನ್ನೆಲ್ಲ ತಾಯಿಯವರಿಗೆ ಹೇಳಿದೆ. ಕಾರು ಹೋದರೆ ಮೊದಲು ಕಷ್ಟವಾಗುವುದು ಅವರಿಗೆ. ಅವರು ಅನ್ನ ಕಲಸುತ್ತಿದ್ದ ಕೈಯನ್ನು ನಿಲ್ಲಿಸಿ, “ಚೀಟಿ ಏನೋ ಬರುತ್ತೆ. ಎದುರುಮನೆ ಮಗುವಿನ ಉಸಿರಿಗೆ ಚೀಟಿ ಓದೋಕೆ ಬರುತ್ತೇನಪ್ಪಾ?” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ರಿಪೇರಿ ಆಗುತ್ತೋ ನೋಡು. ಆಗದಿದ್ದರೆ ನಿಮ್ಮಣ್ಣ ಹೇಳಿದ ಹಾಗೆ ಮಾಡು,” ಎಂದು ಸೇರಿಸಿದರು. ಆ ಎರಡನೆಯ ಮಾತನ್ನು ಆಡಲು ಅವರಿಗೆ ಮೊದಲನೆಯದಕ್ಕಿಂತ ಹೆಚ್ಚು ಹೊತ್ತು ಹಿಡಿದಿತ್ತು.

ಊರಿನಲ್ಲಿ ಹಳೆಯ ಇಂಜಿನುಗಳನ್ನು ಬಲ್ಲ ಮಿಸ್ತ್ರಿಗಳೊಬ್ಬರಿದ್ದಾರೆ. ಎಪ್ಪತ್ತು ದಾಟಿದವರು, ಕಣ್ಣಿನ ಪೊರೆ ತೆಗೆಸಿಕೊಂಡಿದ್ದಾರೆ, ಕಿವಿ ಮಾತ್ರ ಬಲು ಸೂಕ್ಷ್ಮ. ಪರೀಕ್ಷೆಯ ಕಾಗದವನ್ನು ಅವರ ಕೈಗಿಟ್ಟೆ. ಅವರು ಅದನ್ನು ವೈದ್ಯರು ನಾಡಿಯನ್ನು ನೋಡುವಂತೆ ನೋಡಿದರು. “ಎರಡು ಕಾಯಿಲೆ ಇದೆ ಸಾಮಿ, ಒಂದಲ್ಲ. ಮೊದಲನೇ ಅಂಕಿ ಜಾಸ್ತಿ ಅಂದ್ರೆ ಪೆಟ್ರೋಲ್ ಜಾಸ್ತಿ ಕುಡೀತಾ ಇದೆ. ಬರೀ ಅದೇ ಆಗಿದ್ರೆ ಎರಡನೇ ಅಂಕಿ ಇಷ್ಟೊಂದು ಏರಬಾರದು. ಎಲ್ಲೋ ಒಂದು ಕಡೆ ಬೆಂಕಿ ತಪ್ಪುತಾ ಇದೆ,” ಎಂದರು. ನಾನು ತರ್ಕಶಾಸ್ತ್ರದ ಬೆಟ್ಟವನ್ನು ನೆನೆದುಕೊಂಡದ್ದು ಆಗಲೇ. ಬಾನೆಟ್ಟನ್ನು ಇನ್ನೂ ತೆರೆದಿರಲಿಲ್ಲ. ಎರಡು ಅಂಕಗಳಿಂದ ಅವರು ಎರಡು ದೋಷಗಳನ್ನು ಬೇರ್ಪಡಿಸಿದ್ದರು.

ಅವರು ಕೆಲಸ ಮಾಡಿದ ಕ್ರಮವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುವುದು ಉಚಿತವೆಂದು ತೋರುತ್ತದೆ. ಹಳೆಯ ಕಾರನ್ನಿಟ್ಟುಕೊಂಡವರಿಗೆ ಅದು ನೇರವಾಗಿ ಉಪಯೋಗಕ್ಕೆ ಬಂದೀತು. ಇಲ್ಲದವರಿಗೂ ದೋಷವನ್ನು ಹುಡುಕುವ ರೀತಿಯೊಂದು ಕಂಡೀತು. ಅಗ್ಗವಾದುದನ್ನು ಮೊದಲು ನೋಡಬೇಕು, ಬೆಲೆಯುಳ್ಳದ್ದನ್ನು ಕೊನೆಗೆ ನೋಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಬದಲಾಯಿಸಿದ ಮೇಲೆ ಅಳೆಯಬೇಕು. ಇಷ್ಟೇ ಅವರ ಶಾಸ್ತ್ರ. ಮೂರನ್ನು ಒಟ್ಟಿಗೆ ತಿರುಗಿಸಿ ಗುಣವಾದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ನಾಳೆ ಮತ್ತೆ ಕೆಟ್ಟರೆ ಮೊದಲಿನಿಂದ ಹುಡುಕಬೇಕಾದೀತು ಎಂಬುದು ಅವರ ಅಭಿಪ್ರಾಯ.

ಮೊದಲು ಇಂಜಿನನ್ನು ಚೆನ್ನಾಗಿ ಬಿಸಿಯಾಗಗೊಟ್ಟರು. ತಣ್ಣಗಿರುವ ಇಂಜಿನಿನ ಹೊಗೆಯಿಂದ ಯಾವ ತೀರ್ಮಾನಕ್ಕೂ ಬರುವಂತಿಲ್ಲ. ತಣ್ಣಗಿನ ಲೋಹದ ಮೇಲೆ ಪೆಟ್ರೋಲು ಆವಿಯಾಗದೆ ಅಂಟಿಕೊಳ್ಳುತ್ತದೆ. ಅನಂತರ ಗಾಳಿ ಸೋಸುವ ಫಿಲ್ಟರನ್ನು ಬಿಚ್ಚಿದರು. ಅದರಲ್ಲಿ ಘಾಟಿಯ ರಸ್ತೆಯ ಧೂಳೆಲ್ಲ ಸೇರಿತ್ತು. ಹೊಸದನ್ನು ಹಾಕಿ ಮುಂದಿನದಕ್ಕೆ ಕೈಯಿಟ್ಟರು: ಕಾರ್ಬುರೇಟರು.

ನಮ್ಮ ಕಾರಿನಲ್ಲಿರುವುದು ಎಸ್.ಯು. ಜಾತಿಯದು. ಅದರೊಳಗೆ ಒಂದು ಪಿಸ್ಟನ್ನು ಇಂಜಿನಿನ ಎಳೆತಕ್ಕೆ ತಕ್ಕಂತೆ ಏರಿ ಇಳಿಯುತ್ತದೆ. ಅದಕ್ಕೆ ಅಂಟಿಕೊಂಡ ಮೊನಚಾದ ಸೂಜಿಯೊಂದು ಪೆಟ್ರೋಲು ಬರುವ ರಂಧ್ರದಲ್ಲಿ ಮೇಲೆ ಕೆಳಗೆ ಆಡುತ್ತ ಎಷ್ಟು ಬೇಕೋ ಅಷ್ಟನ್ನು ಬಿಡುತ್ತದೆ. ಚಳಿಯಲ್ಲಿ ಇಂಜಿನನ್ನು ಎಬ್ಬಿಸಲು ಚೋಕನ್ನು ಎಳೆದಾಗ ಆ ರಂಧ್ರದ ಕೊಳವೆಯೇ ಕೆಳಕ್ಕಿಳಿದು ಪೆಟ್ರೋಲು ಹೆಚ್ಚಾಗಿ ಬರುತ್ತದೆ. ಚೋಕನ್ನು ಒಳಕ್ಕೆ ತಳ್ಳಿದರೆ ಕೊಳವೆ ಮೇಲಕ್ಕೆ ಮರಳಬೇಕು. ನಮ್ಮದು ಮರಳುತ್ತಿರಲಿಲ್ಲ. ಕೂದಲೆಳೆಯಷ್ಟು ಕೆಳಗೇ ನಿಲ್ಲುತ್ತಿತ್ತು. ಮಿಸ್ತ್ರಿಗಳು, “ಈ ಗಾಡಿ ಎಲ್ಲಿತ್ತು?” ಎಂದು ಕೇಳಿದರು. ಮಂಗಳೂರೆಂದೆ. “ಹಂಗೇ ಇರಬೇಕು. ಅಲ್ಲಿನ ಸೆಕೆಗೆ ಚೋಕ್ ಯಾರು ಎಳೀತಾರೆ? ವರ್ಷಗಟ್ಟಲೆ ಅಲ್ಲಾಡದೆ ಉಪ್ಪುಗಾಳಿಗೆ ತುಕ್ಕು ಹಿಡಿದಿದೆ. ಇಲ್ಲಿ ಚಳೀಲಿ ದಿನಾ ಎಳೆದಿದ್ದೀರಿ, ಹೋದದ್ದು ವಾಪಸ್ ಬಂದಿಲ್ಲ,” ಎಂದರು. ತಂತಿಯನ್ನೂ ಸ್ಪ್ರಿಂಗನ್ನೂ ಬದಲಾಯಿಸಿ, ಕೊಳವೆಯನ್ನು ತೊಳೆದು ಜಾರುವಂತೆ ಮಾಡಿದರು. ಪೆಟ್ರೋಲು ತರುವ ರಬ್ಬರು ಕೊಳವೆ ಮೆತ್ತಗಾಗಿದ್ದುದನ್ನೂ ತೆಗೆದು ಬೇರೆ ಹಾಕಿದರು. ಈಚಿನ ಪೆಟ್ರೋಲಿನಲ್ಲಿ ಬೆರೆಸುವ ಎಥನಾಲು ಹಳೆಯ ರಬ್ಬರಿಗೆ ಆಗದು. ಮತ್ತೆ ಅಳೆಸಿದಾಗ ಅಂಕಗಳು ೪.೧ ಮತ್ತು ೧೯೦೦.

ಇಳಿದಿತ್ತು, ಸಾಲದು. ಕಾರ್ಬುರೇಟರಿನ ಮಗ್ಗುಲಲ್ಲಿ ಪಿಸ್ಟನ್ನನ್ನು ತುಸುವೇ ಎತ್ತಿನೋಡಲು ಒಂದು ಸಣ್ಣ ಕಡ್ಡಿಯಿದೆ. ಅದನ್ನು ಬೆರಳಿನಿಂದ ಮೇಲಕ್ಕೊತ್ತಿದಾಗ ಇಂಜಿನಿನ ವೇಗ ಕ್ಷಣಮಾತ್ರ ಏರಿ ಮತ್ತೆ ಮೊದಲಿನಂತಾದರೆ ಮಿಶ್ರಣ ಸರಿ. ಏರಿ ಏರಿಯೇ ನಿಂತರೆ ಪೆಟ್ರೋಲು ಹೆಚ್ಚು. ಮುಗ್ಗರಿಸಿ ನಿಂತುಹೋದರೆ ಕಡಿಮೆ. ನಮ್ಮದು ಏರಿ ಏರಿಯೇ ಉಳಿಯಿತು. ಇದಕ್ಕೆ ಕಾರಣ ಯಾರ ಕೈಯ ದೋಷವೂ ಆಗಿರಲಿಲ್ಲ, ಭೂಗೋಳದ್ದಾಗಿತ್ತು. ಮಂಗಳೂರು ಸಮುದ್ರದ ದಂಡೆಯಲ್ಲಿದೆ. ಹಾಸನ ಸಮುದ್ರಮಟ್ಟದಿಂದ ೯೦೦ ಮೀಟರಿಗೂ ಮೇಲಿದೆ. ಇಲ್ಲಿನ ಗಾಳಿ ಅಲ್ಲಿನದಕ್ಕಿಂತ ಸುಮಾರು ಹತ್ತರಲ್ಲೊಂದು ಪಾಲು ತೆಳುವು. ಮಂಗಳೂರಿನ ದಟ್ಟವಾದ ಗಾಳಿಗೆ ಸರಿಯಾಗಿ ಹೊಂದಿಸಿದ್ದ ಕಾರ್ಬುರೇಟರು ಇಲ್ಲಿಗೆ ಬಂದ ಮೇಲೂ ಅಲ್ಲಿನ ಲೆಕ್ಕದಲ್ಲೇ ಪೆಟ್ರೋಲು ಬಡಿಸುತ್ತಿತ್ತು. ಈಗಿನ ಹೊಸ ಕಾರುಗಳು ಹೊಗೆಯಲ್ಲಿನ ಆಮ್ಲಜನಕವನ್ನು ತಾವೇ ಅಳೆದುಕೊಂಡು ಲೆಕ್ಕವನ್ನು ಕ್ಷಣಕ್ಷಣಕ್ಕೆ ತಿದ್ದಿಕೊಳ್ಳುತ್ತವೆ. ಹಳೆಯ ಗಾಡಿಗೆ ಆ ವಿವೇಕವನ್ನು ಮನುಷ್ಯನೇ ಕೊಡಬೇಕು. ಮಿಸ್ತ್ರಿಗಳು ಕೊಳವೆಯ ಕೆಳಗಿನ ಆರುಮೂಲೆಯ ತಿರುಪನ್ನು ಒಂದೊಂದೇ ಮುಖದಂತೆ ಮೇಲಕ್ಕೆ ತಿರುಗಿಸುತ್ತ, ಕಡ್ಡಿಯನ್ನೊತ್ತಿ ಕಿವಿಗೊಟ್ಟು ಕೇಳುತ್ತ, ಸರಿಯಾದೆಡೆಗೆ ತಂದರು. ಅಂಕಗಳು ೨.೨ ಮತ್ತು ೧೭೦೦ ಆದವು. ಮೊದಲ ಕಾಯಿಲೆ ವಾಸಿಯಾಯಿತು. ಎರಡನೆಯದು ಅವರು ಹೇಳಿದಂತೆಯೇ ಬೇರೆಯಾಗಿ ನಿಂತಿತು.

ಪೆಟ್ರೋಲು ಹೆಚ್ಚಾಗಿಲ್ಲ, ಆದರೂ ಉರಿಯದೆ ಹೊರಬರುತ್ತಿದೆ. ಹಾಗಿದ್ದರೆ ಕಿಡಿ ತಪ್ಪುತ್ತಿರಬೇಕು, ಇಲ್ಲವೇ ಕೋಣೆಯ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ. ಮಿಸ್ತ್ರಿಗಳು ಓಡುತ್ತಿರುವ ಇಂಜಿನಿನ ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಕಿತ್ತು ನೋಡಿದರು. ಮೊದಲ ಮೂರನ್ನು ಕಿತ್ತಾಗ ಇಂಜಿನು ಕುಂಟಿತು. ನಾಲ್ಕನೆಯದನ್ನು ಕಿತ್ತಾಗ ಅದಕ್ಕೆ ಅರಿವೇ ಆಗಲಿಲ್ಲ. ನಾಲ್ಕನೆಯ ಸಿಲಿಂಡರು ಮೊದಲೇ ಸೋಮಾರಿಯಾಗಿತ್ತೆಂದಾಯಿತು. ಅದರ ಪ್ಲಗ್ಗನ್ನೂ ತಂತಿಯನ್ನೂ ಎರಡನೆಯದಕ್ಕೆ ಹಾಕಿ, ಎರಡನೆಯದರವನ್ನು ಇದಕ್ಕೆ ಹಾಕಿದರು. ಸೋಮಾರಿತನ ಪ್ಲಗ್ಗಿನ ಜೊತೆಗೆ ಹೋಗಲಿಲ್ಲ, ನಾಲ್ಕನೆಯದರಲ್ಲೇ ಉಳಿಯಿತು. ಕಿಡಿ ನಿರಪರಾಧಿ.

ಆಗ ಅವರು ಗೋಡೆಯ ಕ್ಯಾಲೆಂಡರಿನಿಂದ ಕಳೆದ ತಿಂಗಳ ಹಾಳೆಯನ್ನು ಹರಿದು, ಅದರದೊಂದು ಚೂರನ್ನು ಸೈಲೆನ್ಸರಿನ ಬಾಯಿಗೆ ಅಡ್ಡವಾಗಿ ಹಿಡಿದರು. ಆರೋಗ್ಯವಾಗಿರುವ ಇಂಜಿನಿನ ಹೊಗೆ ಕಾಗದವನ್ನು ಒಂದೇ ಸಮನೆ ಹೊರಕ್ಕೆ ತಳ್ಳುತ್ತದೆ. ಇಲ್ಲಿ ಕಾಗದ ಹೊರಕ್ಕೆ ಹಾರಿ ಹಾರಿ, ನಡುನಡುವೆ ಪಟ್ಟನೆ ಒಳಕ್ಕೆ ಸೆಳೆಯಲ್ಪಟ್ಟು ಬಾಯಿಗೆ ಅಂಟಿಕೊಳ್ಳುತ್ತಿತ್ತು. ಹೊಗೆ ಹೋಗುವ ವಾಲ್ವು ಪೂರ್ತಿ ಮುಚ್ಚದೆ, ಪಿಸ್ಟನ್ನು ಕೆಳಗಿಳಿಯುವಾಗ ಸೈಲೆನ್ಸರಿನ ಕಡೆಯಿಂದಲೇ ಗಾಳಿಯನ್ನು ಹೀರುತ್ತಿತ್ತು. ಒತ್ತಡವನ್ನು ಅಳೆದಾಗ ಮೂರು ಸಿಲಿಂಡರುಗಳಲ್ಲಿ ಚದರ ಅಂಗುಲಕ್ಕೆ ೧೩೦ ಪೌಂಡಿನಷ್ಟು, ನಾಲ್ಕನೆಯದರಲ್ಲಿ ೮೫. ಯಂತ್ರ ಹೇಳಿದುದು ಕಾಗದದ ಚೂರು ಮೊದಲೇ ಹೇಳಿದ ಮಾತನ್ನೇ.

ವಾಲ್ವು ಏಕೆ ಮುಚ್ಚುತ್ತಿರಲಿಲ್ಲ? ವಾಲ್ವಿಗೂ ಅದನ್ನೊತ್ತುವ ಕೀಲಿಗೂ ನಡುವೆ ಅಂಗುಲವನ್ನು ಸಾವಿರ ಪಾಲು ಮಾಡಿದರೆ ಹದಿನೈದು ಪಾಲಿನಷ್ಟು ಸಂದಿರಬೇಕು. ಮಿಸ್ತ್ರಿಗಳು ಟ್ಯಾಪೆಟ್ ಗ್ಯಾಪು ಎನ್ನುವುದು ಇದಕ್ಕೆ. ನಮ್ಮದರಲ್ಲಿ ಸಂದು ಮಾಯವಾಗಿತ್ತು. ವಾಲ್ವು ಕುಳಿತುಕೊಳ್ಳುವ ಪೀಠ ಸವೆದು ವಾಲ್ವು ಒಳಕ್ಕೆ ಕುಸಿದರೆ, ಅದರ ಕಡ್ಡಿ ಮೇಲಕ್ಕೆ ಬಂದು ಸಂದನ್ನು ನುಂಗಿಬಿಡುತ್ತದೆ. ಪೀಠ ಸವೆದುದಕ್ಕೆ ಮಿಸ್ತ್ರಿಗಳು ಹೇಳಿದ ಕಾರಣವನ್ನು ಕೇಳಿ ನಾನು ಬೆರಗಾದೆ. “ಸೀಸ ಹೋಯ್ತಲ್ಲ ಸಾಮಿ, ಅದಕ್ಕೆ,” ಎಂದರು.

ಇದರ ಕಥೆ ನೂರು ವರ್ಷಕ್ಕೂ ಹಿಂದಿನದು. ೧೯೨೧ರಲ್ಲಿ ಅಮೆರಿಕದ ಥಾಮಸ್ ಮಿಡ್‌ಗ್ಲಿ ಎಂಬುವರು ಪೆಟ್ರೋಲಿಗೆ ಸೀಸದ ಸಂಯುಕ್ತವೊಂದನ್ನು ಬೆರೆಸಿದರೆ ಇಂಜಿನು ಬಡಿದುಕೊಳ್ಳದೆ ಓಡುವುದೆಂದು ಕಂಡುಹಿಡಿದರು. ಅದರಿಂದ ಯಾರೂ ಬಯಸದ ಇನ್ನೊಂದು ಲಾಭವೂ ಆಯಿತು. ಉರಿದ ಸೀಸದ ತೆಳುಪೊರೆ ವಾಲ್ವಿಗೂ ಪೀಠಕ್ಕೂ ನಡುವೆ ಕೂತು, ಕೆಂಪಗೆ ಕಾದ ಲೋಹಗಳು ಒಂದಕ್ಕೊಂದು ಅಂಟಿ ಕಿತ್ತುಬರದಂತೆ ಕಾಪಾಡುತ್ತಿತ್ತು. ನಮ್ಮ ಕಾರಿನಂಥ ಇಂಜಿನುಗಳಲ್ಲಿ ಪೀಠವನ್ನು ಬೇರೆ ಗಟ್ಟಿ ಲೋಹದಿಂದ ಮಾಡದೆ ಎರಕದ ಕಬ್ಬಿಣದ ಹೆಡ್ಡಿನಲ್ಲೇ ಕೊರೆದುದು ಈ ಧೈರ್ಯದಿಂದ. ಆದರೆ ಅದೇ ಸೀಸ ಊರೂರಿನ ಬೀದಿಗಳಲ್ಲಿ ಗಾಳಿಯೊಡನೆ ಬೆರೆತು ಮಕ್ಕಳ ರಕ್ತವನ್ನು ಸೇರಿ ಅವರ ಬುದ್ಧಿಶಕ್ತಿಯನ್ನೇ ಕುಂದಿಸುತ್ತಿತ್ತು. ಭಾರತದಲ್ಲಿ ೧೯೯೫ರಲ್ಲಿ ಮಹಾನಗರಗಳಿಗೆ ಸೀಸವಿಲ್ಲದ ಪೆಟ್ರೋಲು ಬಂತು. ೨೦೦೦ದ ಫೆಬ್ರವರಿ ೧ರಿಂದ ದೇಶದಾದ್ಯಂತ ಸೀಸದ ಪೆಟ್ರೋಲು ನಿಂತಿತು. ಪ್ರಪಂಚದಲ್ಲಿ ಕಟ್ಟಕಡೆಗೆ ಅಲ್ಜೀರಿಯ ದೇಶ ೨೦೨೧ರಲ್ಲಿ ಅದನ್ನು ಬಿಟ್ಟಿತು. ನಮ್ಮ ಕಾರಿನ ವಾಲ್ವಿಗೆ ಹದಿನಾರು ವರ್ಷ ಕವಚವಾಗಿದ್ದ ವಸ್ತು ನಮ್ಮ ಬೀದಿಯ ಮಕ್ಕಳಿಗೆ ಅಷ್ಟೇ ಕಾಲ ವಿಷವಾಗಿತ್ತು. ಕವಚ ಹೋಗಿ ಕಬ್ಬಿಣ ಸವೆಯಿತೆಂದು ದುಃಖಿಸಲು ಕಾರಣವಿಲ್ಲ. ಸವೆತದ ವೆಚ್ಚವನ್ನು ಕಾರಿನವರೇ ಹೊರುವುದು ನ್ಯಾಯ.

ಮಿಸ್ತ್ರಿಗಳು ಟ್ಯಾಪೆಟ್ಟಿನ ಸಂದನ್ನು ಅಳತೆಗೆ ತಂದರು. ಒತ್ತಡ ೧೧೫ಕ್ಕೆ ಏರಿತು. ವಾಲ್ವು ಸುಟ್ಟುಹೋಗಿಲ್ಲವೆಂದು ಅದರಿಂದ ತಿಳಿಯಿತು. ಪರೀಕ್ಷೆಯ ಅಂಕಗಳು ೧.೯ ಮತ್ತು ೮೮೦. ಎರಡೂ ಮಿತಿಯೊಳಗೆ. ಚೀಟಿ ಕೈಗೆ ಬಂತು. ನಾನು ಸಂತೋಷದಿಂದ ಲೆಕ್ಕ ಚುಕ್ತಾ ಮಾಡಲು ಹೋದರೆ ಅವರು ಹಣವನ್ನು ತೆಗೆದುಕೊಳ್ಳದೆ, “ಚೀಟಿ ಬಂತು, ಗಾಡಿ ಇನ್ನೂ ವಾಸಿಯಾಗಿಲ್ಲ. ಸೀಟು ಮತ್ತೆ ಕುಸೀತದೆ. ಆರು ತಿಂಗಳಿಗೆ ಪರೀಕ್ಷೆಗೆ ಮೊದಲು ಬನ್ನಿ, ಟ್ಯಾಪೆಟ್ ಇಟ್ಟುಕೊಡ್ತೀನಿ, ಪಾಸಾಗುತ್ತೆ. ಮಧ್ಯದಲ್ಲಿ ನಾಲ್ಕು ತಿಂಗಳು ಹೊಗೆ ಬಿಡ್ತಾ ಇರುತ್ತೆ. ಇಲ್ಲಾಂದ್ರೆ ಹೆಡ್ ಬಿಚ್ಚಿ ಗಟ್ಟಿ ಸೀಟು ಕೂರಿಸಬೇಕು. ಖರ್ಚಿದೆ. ನೀವೇ ಹೇಳಿ,” ಎಂದರು.

ಈ ಪ್ರಶ್ನೆಯ ಮುಂದೆ ನಾನು ಆ ದಿನ ಬಹಳ ಹೊತ್ತು ನಿಂತೆನು. ಇನ್ನೂರು ರೂಪಾಯಿಗೆ ಬೇರೆ ಕಾರಿನ ಹೊಗೆಯನ್ನು ನಮ್ಮದೆಂದು ಬರೆಸುವುದು ಸುಳ್ಳೆಂದು ತೀರ್ಮಾನಿಸುವುದು ಸುಲಭವಾಗಿತ್ತು. ಇದು ಹಾಗಲ್ಲ. ಚೀಟಿ ಸತ್ಯವಾದದ್ದು, ಅಂಕಗಳು ನಮ್ಮ ಕಾರಿನವೇ, ಕಾನೂನು ಕೇಳಿದುದನ್ನು ಕೊಟ್ಟಾಗಿದೆ. ಪರೀಕ್ಷೆ ವರ್ಷದಲ್ಲಿ ಎರಡು ದಿನದ್ದು, ಒಂದೊಂದು ದಿನ ಐದು ನಿಮಿಷದ್ದು. ಉಳಿದ ದಿನಗಳಿಗೆ ಸಾಕ್ಷಿಯಿಲ್ಲ. ಪರೀಕ್ಷೆಗೆಂದು ಓದಿದ ವಿದ್ಯೆ ಪರೀಕ್ಷೆಯ ಮರುದಿನ ಹಾರಿಹೋಗುವುದನ್ನು ಉಪಾಧ್ಯಾಯರಾದವರೆಲ್ಲ ನೋಡಿದ್ದಾರೆ. ಅಳತೆಯ ಉದ್ದೇಶ ಶುದ್ಧವಾದ ಗಾಳಿ; ಅಳತೆಗೆ ಸಿಕ್ಕುವುದು ಒಂದು ಕ್ಷಣದ ಅಂಕ. ಇವೆರಡರ ನಡುವೆ ಇರುವ ಬಯಲನ್ನು ಯಾವ ಇಲಾಖೆಯೂ ಕಾಯಲಾರದು. ಅಲ್ಲಿ ನಮ್ಮ ಮನಸ್ಸೇ ಕಾವಲು ನಿಲ್ಲಬೇಕು. ಹಾಗೆಂದು ಹೇಳುವುದು ಸುಲಭ. ಮಿಸ್ತ್ರಿಗಳು ಹೇಳಿದ ಮೊತ್ತ ನಮ್ಮ ಮನೆಯ ಒಂದು ತಿಂಗಳ ಖರ್ಚಿಗೆ ಸಮವಾಗಿತ್ತು. ಅದನ್ನು ನಲವತ್ತು ವರ್ಷದ ಗಾಡಿಗೆ ಸುರಿಯುವುದು ವಿವೇಕವೇ ಎಂಬ ಅಣ್ಣನವರ ಪ್ರಶ್ನೆಗೂ ತೂಕವಿತ್ತು.

ತಾಯಿಯವರು ತಮ್ಮ ಪಿಂಚಣಿಯ ಪುಸ್ತಕವನ್ನು ತಂದು ನನ್ನ ಮುಂದಿಟ್ಟರು. “ಕೂರೋಳು ನಾನು. ನನ್ನ ಸವಾರಿ ಖರ್ಚನ್ನು ಆ ಮಗುವಿನ ಕೈಲಿ ಯಾಕೆ ಕೊಡಿಸಬೇಕು?” ಎಂದರು. ಅದಕ್ಕೆ ಉತ್ತರವಿರಲಿಲ್ಲ. ಹೆಡ್ಡು ಲೇತಿನ ಅಂಗಡಿಗೆ ಹೋಗಿ, ಹೊಗೆಯ ವಾಲ್ವುಗಳು ನಾಲ್ಕಕ್ಕೂ ಗಟ್ಟಿ ಉಕ್ಕಿನ ಪೀಠಗಳನ್ನು ಕೂರಿಸಿಕೊಂಡು, ವಾಲ್ವುಗಳನ್ನು ಅರೆದು ಹೊಂದಿಸಿಕೊಂಡು ಬರಲು ಒಂಬತ್ತು ದಿನ ಹಿಡಿಯಿತು. ಆ ಬಳಿಕ ಅಂಕಗಳು ೧.೮ ಮತ್ತು ೪೧೦. ಆರು ತಿಂಗಳಾದ ಮೇಲೆ ಯಾವುದನ್ನೂ ಮುಟ್ಟದೆ ನೇರವಾಗಿ ಪರೀಕ್ಷೆಗೆ ಒಯ್ದೆವು, ೧.೯ ಮತ್ತು ೪೩೦ ಬಂತು. ಮಿಸ್ತ್ರಿಗಳು ಆ ಕಾಗದವನ್ನು ತಮ್ಮ ಅಂಗಡಿಯ ಗೋಡೆಗೆ ಅಂಟಿಸಿಕೊಂಡಿದ್ದಾರೆ.

ಇದನ್ನೋದಿ ಹಳೆಯ ಗಾಡಿಗಳೇ ಮೇಲೆಂದು ನಾನು ವಾದಿಸುತ್ತಿರುವೆನೆಂದು ಯಾರೂ ಭಾವಿಸಬಾರದು. ಭಾರತ್ ಸ್ಟೇಜ್ ೪ರ ಕಾರಿಗೆ ನಿಯಮದ ಮಿತಿ ೦.೩ ಮತ್ತು ೨೦೦. ಎಂದರೆ ನಮ್ಮ ಅಂಬಾಸಡರು ತನ್ನ ಅತ್ಯುತ್ತಮ ದಿನದಲ್ಲೂ ಅಂಥ ಕಾರಿನ ಮಿತಿಯ ಆರರಷ್ಟು ವಿಷವನ್ನು ಬಿಡುತ್ತದೆ. ಇದಲ್ಲದೆ ಈ ಪರ���ೀಕ್ಷೆ ನಿಂತ ಗಾಡಿಯದು. ಏರಿನಲ್ಲಿ ಭಾರ ಎಳೆಯುವಾಗ ಹುಟ್ಟುವ ಸಾರಜನಕದ ಆಕ್ಸೈಡುಗಳನ್ನು ಅದು ಕೇಳುವುದೇ ಇಲ್ಲ. ದಿನವೂ ನೂರು ಮೈಲಿ ಓಡುವ ಗಾಡಿಯಾಗಿದ್ದರೆ ಅಣ್ಣನವರ ಮಾತೇ ಸರಿಯಾಗುತ್ತಿತ್ತು. ಆದ್ದರಿಂದ ಮನೆಯಲ್ಲಿ ಕೆಲವು ಕಟ್ಟುಗಳನ್ನು ಮಾಡಿಕೊಂಡಿದ್ದೇವೆ. ತಾಯಿಯವರ ಪ್ರಯಾಣವಲ್ಲದೆ ಬೇರೆ ಯಾವುದಕ್ಕೂ ಕಾರು ಹೊರಡುವುದಿಲ್ಲ. ಗೇಟಿನ ಬಳಿ ಇಂಜಿನನ್ನು ಎಬ್ಬಿಸುವುದಿಲ್ಲ; ಇಬ್ಬರು ಕೂಡಿ ಬೀದಿಯ ಕೊನೆಯ ಬಯಲಿನವರೆಗೆ ತಳ್ಳಿಕೊಂಡು ಹೋಗಿ ಅಲ್ಲಿ ಚೋಕನ್ನು ಎಳೆಯುತ್ತೇವೆ. ಬಂಡಿಯ ಭಾರ ಒಂದು ಟನ್ನಿಗೂ ಮಿಗಿಲಾದುದರಿಂದ ಇದು ಒಳ್ಳೆಯ ವ್ಯಾಯಾಮವೂ ಆಗುತ್ತದೆ. ಬೀದಿಯವರು ಮೊದಮೊದಲು ಕಾರು ಕೆಟ್ಟಿದೆಯೆಂದು ಮರುಗಿ ಕೈಜೋಡಿಸಲು ಬರುತ್ತಿದ್ದರು.

ಎದುರುಮನೆಯ ಹುಡುಗನ ಉಬ್ಬಸ ನಮ್ಮಿಂದ ಗುಣವಾಯಿತೆಂದು ನಾನು ಹೇಳಲಾರೆ. ಉಬ್ಬಸಕ್ಕೆ ಕಾರಣಗಳು ಹಲವು. ಮಾಗಿಯ ಚಳಿಯಲ್ಲಿ ಅವನಿಗೆ ಇನ್ನೂ ಬರುತ್ತದೆ. ಅವನ ತಾಯಿ ಕಿಟಕಿ ಮುಚ್ಚುವ ಸದ್ದು ಮಾತ್ರ ಈಗ ಕೇಳಿಸುವುದಿಲ್ಲ. ಕಾರನ್ನು ತಳ್ಳುವಾಗ ಅವನೂ ಹಿಂದಿನಿಂದ ಒಂದು ಕೈ ಹಚ್ಚುತ್ತಾನೆ. ಅವನು ತಳ್ಳಿದುದರಿಂದಲೇ ಬಂಡಿ ಕದಲಿತೆಂದು ತಾಯಿಯವರು ಒಳಗಿನಿಂದ ಕೂಗಿ ಹೇಳುತ್ತಾರೆ.

ನೋಂದಣಿ ೨೦೨೯ರವರೆಗೆ ನವೀಕರಣವಾಗಿದೆ. ಆಗ ಕಾರಿಗೆ ನಲವತ್ತೈದು, ತಾಯಿಯವರಿಗೆ ಎಂಬತ್ತೇಳು. “ಗಾಡಿಗೆ ಸೀಟು ಹಾಕಿಸಿದೆ, ನನಗೆ ಸೊಂಟ ಹಾಕಿಸಿದೆ, ಯಾವುದು ಮೊದಲು ಕೈಕೊಡುತ್ತೋ ನೋಡೋಣ,” ಎಂದು ಅವರೇ ನಗುತ್ತಾರೆ.